ಬಾಲಕ್ಕೆ ಕಟ್ಟಿದ ಕಾಯಿ

ಮರಳಿ
13 ಅಕ್ಟೋಬರ್ 2024

ಸಿದ್ದಲಿಂಗೇಶ ಸರ್ ಅವರಿಗೆ ಗಂಗಾಳ ನಮಸ್ಕಾರ.

ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಏನೇ ಇದ್ದರೂ ಮೇಲ್ ಬರೆಯಿರಿ ಎಂದು ಬೆಳಗಾವಿಯಲ್ಲಿ ತರಬೇತಿ ಮುಗಿದ ದಿನ ನೀವೇ ಹೇಳಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ಕೂತರೆ ನನಗೆ ನಿಲ್ಲಿಸಲು ಬರುವುದಿಲ್ಲ, ಆಮೇಲೆ ಬೈಯಬೇಡಿ.

ಆಯುಧ ಪೂಜೆ ಜೋರಾಯಿತು. ನಮ್ಮ ರೈತ ಸಂಘದ ಟ್ರ್ಯಾಕ್ಟರ್, ಭತ್ತ ಕೊಯ್ಯುವ ಮಷಿನ್, ಅವುಗಳ ಪಕ್ಕದಲ್ಲಿ ನಿಮ್ಮ ಕಂಪನಿಯ, ನಾನು ರಿಮೋಟಿನಲ್ಲಿ ಹಾರಿಸುವ ಹೆಲಿಕಾಪ್ಟರ್. ಅಧ್ಯಕ್ಷ ಕೊಟ್ರಬಸಪ್ಪನವರ ತಾಯಿ ವಿರೂಪಾಕ್ಷಮ್ಮ ಅಜ್ಜಿ ತಾವೇ ಬಂದು ವಿಭೂತಿ ಹಚ್ಚಿ, ಕೆಂಪು ಬಟ್ಟೆಯಲ್ಲಿ ತೆಂಗಿನಕಾಯಿ ಸುತ್ತಿ, ಬಾಲದ ಪೈಪಿಗೆ ಭದ್ರವಾಗಿ ಕಟ್ಟಿದರು. ಹೊಸ ಮನೆಗೆ, ಹೊಸ ಗಾಡಿಗೆ ಕಾಯಿ ಕಟ್ಟುವುದು ನಿಮಗೂ ಗೊತ್ತಲ್ಲ, ನೀವೂ ನಮ್ಮ ಕಡೆಯವರೇ, ಯಲಬುರ್ಗಾ ಹತ್ತಿರದ ಮಂಗಳೂರಿನವರು. ವರ್ಷ ತುಂಬುವವರೆಗೆ ಬಿಚ್ಚುವಂತಿಲ್ಲವಂತೆ. ಹಿಂದಿನ ಸಣ್ಣ ಫ್ಯಾನಿಗೆ ತಾಗದಷ್ಟು ಈಚೆಗೆ ನಾನೇ ನಿಂತು ಕಟ್ಟಿಸಿದ್ದೇನೆ. ಇರಲಿ ಅಲ್ಲವೇ? ಬೇಡವಾದರೆ ತಿಳಿಸಿ, ಅಜ್ಜಿಗೆ ಏನಾದರೂ ಹೇಳಿ ಸಮಾಧಾನ ಮಾಡುತ್ತೇನೆ.

ಈಗ ಕೆಲಸದ ಮಾತು. ಜಿಗಿಹುಳು ಬಿದ್ದಿರುವುದರಿಂದ ಎಣ್ಣೆ ಹೊಡೆಯಲು ದಿನವೂ ಕರೆ ಬರುತ್ತಿದೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತೇವೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ತೊಂದರೆ ಒಂದೇ. ಹೆಲಿಕಾಪ್ಟರ್ ಮೇಲೆದ್ದು ಎದೆ ಮಟ್ಟಕ್ಕೆ ಬಂದು ಸುಮ್ಮನೆ ನಿಂತುಬಿಡುತ್ತದೆ. ಅತ್ತ ಇತ್ತ ಸಣ್ಣಗೆ ಓಲಾಡುತ್ತದೆ, ಆಮೇಲೆ ಹೊರಡುತ್ತದೆ. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗಲೂ ಇದೇ ಕತೆ. ಬದುವಿನ ಮೇಲೆ ಕೂತವರು, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ನಿಂತಿದೆ ನೋಡು ಎಂದು ಆಡಿಕೊಳ್ಳುತ್ತಾರೆ. ಟ್ಯಾಂಕ್ ತುಂಬಿಸುವ ಹೈದರಸಾಬ ಕಾಕಾ ಮಾತ್ರ ಅದರ ಪರ. ಸಾವಕಾಶ ಇದ್ದವರು ಬೀಳುವುದಿಲ್ಲ ಎನ್ನುತ್ತಾರೆ.

ಸರ್, ನನಗೆ ಈ ಕೆಲಸ ಉಳಿಯಬೇಕು. ನಮ್ಮ ಅಣ್ಣ ಮಾಂತೇಶ ಹನ್ನೆರಡು ವರ್ಷದಿಂದ ಬೆನ್ನಿಗೆ ಪಂಪು ಕಟ್ಟಿಕೊಂಡು ಕೂಲಿಗೆ ಎಣ್ಣೆ ಹೊಡೆಯುತ್ತಾನೆ. ಹೊಡೆದ ದಿನ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸಂಘ ಇನ್ನೊಂದು ಹೆಲಿಕಾಪ್ಟರ್ ತೆಗೆದುಕೊಂಡರೆ ಅವನನ್ನು ನನ್ನ ಜೊತೆಗೆ ಹಾಕಿಕೊಳ್ಳುತ್ತೇನೆಂದು ಅಧ್ಯಕ್ಷರು ಮಾತು ಕೊಟ್ಟಿದ್ದಾರೆ. ಆದ್ದರಿಂದ ಈ ಓಲಾಟ ಯಾಕೆಂದು ತಿಳಿಸಿ.

ಗಂಗಾ

———

ಬೆಳಗಾವಿ
16 ಅಕ್ಟೋಬರ್ 2024

ಗಂಗಾ ಅವರಿಗೆ,

ಮೇಲ್ ಜೊತೆಗಿದ್ದ ಹಾರಾಟದ ದಾಖಲೆಯ ಲಾಗ್ ತಲುಪಿತು. ಹಬ್ಬ ಚೆನ್ನಾಗಿ ಆಯಿತೆಂದು ತಿಳಿದು ಸಂತೋಷ. ಬನ್ನಿ ಕೊಡಲು ಊರಿಗೆ ಹೋಗಲು ಈ ಸಲವೂ ನನಗೆ ಆಗಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ. ಇವತ್ತು ಗಾಳಿ ಎಷ್ಟು, ಟ್ಯಾಂಕಿನಲ್ಲಿ ಎಣ್ಣೆ ಎಷ್ಟು, ಭಾರ ಯಾವ ಕಡೆ ಎಳೆಯುತ್ತಿದೆ, ಇವು ಹೆಲಿಕಾಪ್ಟರಿಗೆ ಮೊದಲೇ ಗೊತ್ತಿರುವುದಿಲ್ಲ. ಎದ್ದ ಮೇಲೆ ಆ ಎಳೆತವನ್ನು ಅಂದಾಜು ಮಾಡಿ, ಅಷ್ಟೇ ವಿರುದ್ಧ ಬಲ ಕೊಡುವುದನ್ನು ಕಲಿಯುತ್ತದೆ. ಸೈಕಲ್ಲಿನ ಒಂದೇ ಬದಿಗೆ ಹಾಲಿನ ಕ್ಯಾನ್ ಹಾಕಿಕೊಂಡವನು ಮೊದಲು ಎರಡು ಸಲ ಓಲಾಡಿ, ಆಮೇಲೆ ತಾನಾಗಿಯೇ ಇನ್ನೊಂದು ಬದಿಗೆ ವಾಲಿ ಓಡಿಸುತ್ತಾನಲ್ಲ, ಹಾಗೆ. ಹೆಲಿಕಾಪ್ಟರ್ ಇಳಿದ ಮೇಲೆ ಕಲಿತದ್ದನ್ನೆಲ್ಲ ಮರೆಯುತ್ತದೆ, ಮತ್ತೆ ಎದ್ದಾಗ ಮತ್ತೆ ಕಲಿಯುತ್ತದೆ. ಆ ಓಲಾಟ ಅದರ ಕಲಿಕೆ. ಏನು ಎಳೆಯುತ್ತಿದೆ, ಯಾಕೆ ಎಳೆಯುತ್ತಿದೆ ಎಂದು ಅದು ವಿಚಾರಿಸುವುದಿಲ್ಲ. ಎಷ್ಟು ಎಂಬುದು ತಿಳಿದರೆ ಅದಕ್ಕೆ ಸಾಕು. ಈ ವಿಧಾನದ ಸೊಗಸೇ ಅದು. ನಾನು ಇದರ ಮೇಲೆ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

ಲಾಗಿನಲ್ಲಿ ಒಂದು ಹೊಸ ಸಂಗತಿ ಇದೆ. ಅದರ ಕೊನೆಯ ಎರಡು ದಿನಗಳಲ್ಲಿ ಬಾಲ ಕೆಳಕ್ಕೆ ಜಗ್ಗಿದೆ. ಹೆಲಿಕಾಪ್ಟರ್ ಯಾವ ದಿಕ್ಕಿಗೆ ತಿರುಗಿದರೂ ಜಗ್ಗುವುದು ಬಾಲದಲ್ಲೇ, ಆದ್ದರಿಂದ ಅದು ಗಾಳಿಯಲ್ಲ. ಟ್ರೇಲರಿನಲ್ಲಿ ಕುಲುಕಾಡಿ ಟ್ಯಾಂಕ್ ಸ್ವಲ್ಪ ಹಿಂದಕ್ಕೆ ಸರಿದಿರಬೇಕು. ಬೋಲ್ಟುಗಳನ್ನು ನೋಡಿ ತಿಳಿಸಿ.

ಸಿದ್ದಲಿಂಗೇಶ

———

ಮರಳಿ
20 ಅಕ್ಟೋಬರ್ 2024

ಸರ್,

ಬೋಲ್ಟು ಎಲ್ಲ ಬಿಗಿಯಾಗಿವೆ. ಹೈದರಸಾಬ ಕಾಕಾ ಮತ್ತೊಮ್ಮೆ ಪಾನಾ ಹಾಕಿ ತಿರುವಿದರು. ಟ್ಯಾಂಕ್ ಹಿಂದಕ್ಕೆ ಸರಿದ ಹಾಗೆ ನಮ್ಮ ಕಣ್ಣಿಗೆ ಕಾಣಲಿಲ್ಲ, ಆದರೆ ನಿಮ್ಮ ಲಾಗಿಗೆ ಕಾಣುವುದು ನಮಗೆಲ್ಲಿ ಕಾಣಬೇಕು.

ಕಾಯಿಯ ಬಗ್ಗೆ ನೀವು ಏನೂ ಬರೆಯಲಿಲ್ಲ. ಬೇಡ ಎನ್ನಲಿಲ್ಲವಾದ್ದರಿಂದ ಆಗಬಹುದು ಎಂದು ತಿಳಿದುಕೊಂಡಿದ್ದೇನೆ.

ಹಾಲಿನ ಕ್ಯಾನಿನ ಮಾತನ್ನು ಬದುವಿನ ಮೇಲೆ ಕೂತವರಿಗೆ ಹೇಳಿದೆ. ಅವರಿಗೆ ತಿಳಿಯಿತು, ಆದರೆ ಸಮಾಧಾನ ಆಗಲಿಲ್ಲ. ಕಾಲುವೆ ನೀರು ಬಿಟ್ಟ ಹೊತ್ತಿನಲ್ಲಿ ಎಲ್ಲರಿಗೂ ಒಂದೇ ಸಲ ಅವಸರ. ನವೆಂಬರ್ ಹತ್ತಕ್ಕೆ ನಮ್ಮ ಹೊಲದಲ್ಲಿ ದೊಡ್ಡ ಪ್ರದರ್ಶನ ಇಟ್ಟಿದ್ದಾರೆ. ಸಿದ್ದಾಪುರ, ಗಂಗಾವತಿ, ಕುಷ್ಟಗಿ ಕಡೆಯ ಸಂಘದವರೂ ಬರುತ್ತಾರೆ. ಅವರ ಮುಂದೆ ಅದು ಓಲಾಡುತ್ತ ನಿಂತರೆ ಮಾನ ಹೋಗುತ್ತದೆ ಎಂದು ಕೊಟ್ರಬಸಪ್ಪನವರು ತಲೆ ಕೆಡಿಸಿಕೊಂಡಿದ್ದಾರೆ. ಏನಾದರೂ ಮಾಡಲು ಬರುತ್ತದೆಯೇ?

ಗಂಗಾ

———

ಬೆಳಗಾವಿ
28 ಅಕ್ಟೋಬರ್ 2024

ಗಂಗಾ ಅವರಿಗೆ,

ಸಾಫ್ಟ್‌ವೇರಿನಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿ ಕಳಿಸಿದ್ದೇನೆ. ಹಾಕಿಕೊಳ್ಳುವ ಕ್ರಮ ನಿಮಗೆ ಗೊತ್ತಿದೆ. ಇನ್ನು ಮೇಲೆ ಅದು ಎದ್ದ ತಕ್ಷಣ ಹೊರಡುತ್ತದೆ. ಇಲ್ಲಿ ಕಂಪ್ಯೂಟರಿನಲ್ಲಿ ಪರೀಕ್ಷಿಸಿದ್ದೇನೆ, ಚೆನ್ನಾಗಿದೆ.

ಪ್ರದರ್ಶನಕ್ಕೆ ನಮ್ಮ ಕಂಪನಿಯ ಹಿರಿಯರೂ ಬರುತ್ತಾರೆ. ಹೆಲಿಕಾಪ್ಟರನ್ನು ಚೊಕ್ಕಟವಾಗಿ ತೊಳೆದಿಡಿ. ಬಾವುಟ, ಹಾರ, ದಾರ ಏನೂ ಜೋತಾಡಬಾರದು. ಫೋಟೊದಲ್ಲಿ ಕಂಪನಿಯ ಹೆಸರೊಂದೇ ಕಾಣಬೇಕು ಎಂದು ಮೇಲಿನವರ ಸೂಚನೆ.

ಸಿದ್ದಲಿಂಗೇಶ

———

ಮರಳಿ
3 ನವೆಂಬರ್ 2024

ಸಿದ್ದಲಿಂಗೇಶ ಸರ್,

ಏನು ಮಾಡಿದಿರಿ! ಈಗ ಅದು ಕುದುರೆ. ಎದ್ದಿತು, ಹೊರಟಿತು. ಆಡಿಕೊಳ್ಳುತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡಿದ್ದಾರೆ. ದೀಪಾವಳಿಗೆ ಮುಂಚೆ ಕಾಲುವೆ ಕೆಳಗಿನ ಗದ್ದೆಯೆಲ್ಲ ಮುಗಿಸಿದೆವು. ನಿಮ್ಮ ಹೆಸರು ಹೇಳಿ ಅಧ್ಯಕ್ಷರು ಎಲ್ಲರಿಗೂ ಫೇಡೆ ಹಂಚಿದರು, ನಿಮ್ಮ ಪಾಲಿನದನ್ನು ನಾನೇ ತಿಂದಿದ್ದೇನೆ.

ಇನ್ನೊಂದು ಹೆಲಿಕಾಪ್ಟರ್ ಬರುವವರೆಗೆ ಕಾಯದೆ, ಮಾಂತೇಶಣ್ಣ ಪ್ರದರ್ಶನ ಮುಗಿದ ಮಾರನೆಯ ದಿನದಿಂದಲೇ ಹೈದರಸಾಬ ಕಾಕಾ ಹತ್ತಿರ ಕೆಲಸ ಕಲಿಯಬೇಕೆಂದು ನಿಶ್ಚಯವಾಗಿದೆ. ಅವನು ಈಗಲೇ ಪಂಪನ್ನು ತೊಳೆದು ಮೂಲೆಗೆ ಇಟ್ಟಿದ್ದಾನೆ. ಅವನು ಹಾಗೆ ನಗುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ, ನನಗೆ ಅಳು ಬಂತು.

ನೀವು ಹೇಳಿದ ಹಾಗೆ ಶನಿವಾರ ಸಂಜೆ ತೊಳೆದು, ಕಟ್ಟಿದ್ದನ್ನೆಲ್ಲ ಬಿಚ್ಚಿಡುತ್ತೇನೆ. ಕಾಯಿಯನ್ನೂ. ವಿರೂಪಾಕ್ಷಮ್ಮ ಅಜ್ಜಿಗೆ ಇದು ಚೂರೂ ಸರಿಬಂದಿಲ್ಲ, ವರ್ಷ ತುಂಬದೆ ಬಿಚ್ಚಬಾರದು ಎಂದು ಮುಖ ತಿರುಗಿಸಿಕೊಂಡಿದ್ದಾರೆ. ಕಂಪನಿಯವರು ಹೇಳಿದ್ದಾರೆ ಎಂದೆ. ನಿಮ್ಮ ಮೇಲೆ ಹಾಕಿದ್ದಕ್ಕೆ ಬೇಸರ ಬೇಡ.

ನೀವೂ ಬರುತ್ತೀರಲ್ಲ?

ಗಂಗಾ

———

ಬೆಳಗಾವಿ
6 ನವೆಂಬರ್ 2024

ಗಂಗಾ ಅವರಿಗೆ,

ಅಂಕಿಗಳೆಲ್ಲ ಚೆನ್ನಾಗಿವೆ. ನನಗೆ ಬೇರೆ ಪರೀಕ್ಷೆ ಇರುವುದರಿಂದ ಬರಲಾಗುವುದಿಲ್ಲ. ಶುಭವಾಗಲಿ.

ಸಿದ್ದಲಿಂಗೇಶ

———

ಮರಳಿ
11 ನವೆಂಬರ್ 2024

ಸರ್,

ನಿನ್ನೆ ನಡೆದದ್ದು ನಿಮ್ಮ ಕಿವಿಗೆ ಬಿದ್ದಿರಬೇಕು. ಆದರೂ ನಾನು ಕಂಡದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಹೊಲದ ತುಂಬ ಜನ. ಫೋಟೊ ಚೆನ್ನಾಗಿ ಬರಲಿ ಎಂದು ಎಣ್ಣೆ ಕಲೆಸುವ ಡ್ರಮ್ಮನ್ನು ಹೆಲಿಕಾಪ್ಟರಿನ ಮುಂದೆ ಇಡಿಸಿದ್ದರು. ಹೈದರಸಾಬ ಕಾಕಾ ಟ್ಯಾಂಕ್ ತುಂಬಿಸಿ ಡ್ರಮ್ಮಿನ ಪಕ್ಕದಲ್ಲಿ ನಿಂತಿದ್ದರು. ನಾನು ಮೇಲೆತ್ತಿದೆ. ಅದು ನೆಲ ಬಿಟ್ಟ ಕೂಡಲೇ ಮೂತಿ ಕೆಳಗೆ ಮಾಡಿ ನುಗ್ಗಿತು. ನಾನು ಮುಂದಕ್ಕೆ ಒತ್ತಿರಲಿಲ್ಲ. ಹಿಂದಕ್ಕೆ ಎಳೆದೆ, ಸಾಲಲಿಲ್ಲ, ಎಡಕ್ಕೆ ತಿರುವಿ ಗದ್ದೆಗೆ ಹಾಕಿಬಿಟ್ಟೆ. ರೆಕ್ಕೆ ಬದುವಿಗೆ ಬಡಿದು ಚೂರಾಯಿತು. ಹಿಂದಕ್ಕೆ ಹಾರಿದ ಕಾಕಾ ಕಲ್ಲಿನ ಮೇಲೆ ಬಿದ್ದು ಬಲ ಮುಂಗೈ ಮುರಿದುಕೊಂಡಿದ್ದಾರೆ. ಗಂಗಾವತಿಗೆ ಕರೆದೊಯ್ದು ಪಟ್ಟಿ ಹಾಕಿಸಿದೆವು. ಎಡಕ್ಕೆ ತಿರುವುವುದು ಒಂದು ಕ್ಷಣ ತಡವಾಗಿದ್ದರೆ ಏನಾಗುತ್ತಿತ್ತು ಎಂದು ನಿನ್ನೆಯಿಂದ ಅದೇ ಕಣ್ಣ ಮುಂದೆ ಬರುತ್ತಿದೆ.

ನಿಮ್ಮ ಹಿರಿಯರು ಕಾರು ಹತ್ತುವ ಮುಂಚೆ ಕೇಳಿದ್ದು ಒಂದೇ ಮಾತು, ಹುಡುಗಿ ಗಾಬರಿಯಾಗಿ ತಪ್ಪು ಒತ್ತಿದಳೇ ಎಂದು. ನಾನು ತಪ್ಪು ಒತ್ತಿಲ್ಲ. ಲಾಗ್ ಕಳಿಸಿದ್ದೇನೆ, ನೀವೇ ನೋಡಿ. ಏನಾಯಿತು ಸರ್?

ಗಂಗಾ

———

ಬೆಳಗಾವಿ
13 ನವೆಂಬರ್ 2024

ಗಂಗಾ ಅವರಿಗೆ,

ಹೆಲಿಕಾಪ್ಟರನ್ನು ಯಾರೂ ಮುಟ್ಟದಂತೆ ಶೆಡ್ಡಿನಲ್ಲಿಡಿ. ಹೈದರಸಾಬರ ಚಿಕಿತ್ಸೆಯ ಖರ್ಚನ್ನು ಕಂಪನಿ ನೋಡಿಕೊಳ್ಳುತ್ತದೆ.

ಲಾಗ್ ನೋಡುತ್ತಿದ್ದೇನೆ. ನೀವು ಮುಂದಕ್ಕೆ ಒತ್ತಿಲ್ಲ ಎಂಬುದು ಅದರಲ್ಲಿದೆ. ಉಳಿದದ್ದು ಸಂಕೀರ್ಣವಾಗಿದೆ. ವಿಚಾರಣೆಗೆ ನೀವು ಒಂದು ಹೇಳಿಕೆ ಬರೆದು ಕೊಡಬೇಕಾಗುತ್ತದೆ. ಇದ್ದಕ್ಕಿದ್ದಂತೆ ಹಿಂದಿನಿಂದ ಜೋರು ಗಾಳಿ ಬೀಸಿತು ಎಂದು ಬರೆಯುವುದು ಎಲ್ಲರಿಗೂ ಒಳ್ಳೆಯದು. ನಮ್ಮ ವರದಿಯಲ್ಲೂ ‘ಕಾರಣ ತಿಳಿಯದ ಅಡಚಣೆ’ ಎಂದು ಬರುತ್ತದೆ. ಆಗ ನಿಮ್ಮ ಲೈಸೆನ್ಸಿಗೂ ತೊಂದರೆ ಇಲ್ಲ, ಯಾರ ತಲೆಯ ಮೇಲೂ ಬರುವುದಿಲ್ಲ.

ಸಿದ್ದಲಿಂಗೇಶ

———

ಮರಳಿ
15 ನವೆಂಬರ್ 2024

ಸರ್,

ಗಾಳಿ ಇರಲಿಲ್ಲ. ಕಾಕಾನ ಬೀಡಿ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು, ಇನ್ನೂರು ಜನ ನೋಡಿದ್ದಾರೆ. ಇಲ್ಲದ ಗಾಳಿಯನ್ನು ನಾನು ಎಲ್ಲಿಂದ ತರಲಿ? ಯಾರ ತಲೆಯ ಮೇಲೂ ಬರುವುದಿಲ್ಲ ಎಂದು ಬರೆದಿದ್ದೀರಿ. ಬೆಳಗಾವಿಯಲ್ಲಿ ಬರಲಿಕ್ಕಿಲ್ಲ. ಇಲ್ಲಿ ಆಗಲೇ ಬಂದಾಗಿದೆ.

ಊರಿನವರಿಗೆ ನಿಮ್ಮ ವರದಿ ಬೇಕಿಲ್ಲ, ಅವರಿಗೆ ಕಾರಣ ಸಿಕ್ಕಿದೆ. ವಿರೂಪಾಕ್ಷಮ್ಮ ಅಜ್ಜಿ ನಮ್ಮ ಮನೆ ಮುಂದೆಯೇ ನಿಂತು ಹೇಳಿದರು: “ಕಾಯಿ ಬಿಚ್ಚಬ್ಯಾಡ ಅಂದ್ರ ಬಿಚ್ಚಿದಿ. ಕಟ್ಟಿದ್ದಾಗ ಒಂದಿನಾನೂ ಬೀಳಲಿಲ್ಲ, ಬಿಚ್ಚಿದ ಮರುದಿನ ಬಿತ್ತು. ಇನ್ನೇನ ಬೇಕು ನಿನಗ?”

ಅಜ್ಜಿ ಕೆಟ್ಟವರಲ್ಲ, ನಾನು ಲೈಸೆನ್ಸ್ ತಂದ ದಿನ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದವರು ಅವರೇ. ಆದರೆ ಅವರ ಮಾತು ಮನೆಮನೆಗೂ ಹೋಗಿದೆ. ನಾನು ಹಾರಿಸಿದರೆ ತಮ್ಮ ಗದ್ದೆಯ ಹತ್ತಿರ ಬರಬೇಡ ಎನ್ನುತ್ತಾರೆ. ಡಿಸೆಂಬರ್ ಒಂದಕ್ಕೆ ಸಂಘದ ಸಭೆ. ಹೆಲಿಕಾಪ್ಟರ್ ರಿಪೇರಿಯಾಗಿ ಬಂದರೂ ಹಾರಿಸುವವರನ್ನು ಬದಲಿಸಬೇಕು ಎಂದು ಜನ ಕೇಳುತ್ತಿದ್ದಾರೆ ಎಂದು ಕೊಟ್ರಬಸಪ್ಪನವರು ಮುಖ ನೋಡದೆ ಹೇಳಿದರು. ಮಾಂತೇಶಣ್ಣ ನಿನ್ನೆ ಮೂಲೆಯಲ್ಲಿದ್ದ ಪಂಪು ತೆಗೆದುಕೊಂಡು ಹೋದ. ರಾತ್ರಿ ಉಣ್ಣಲಿಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ, ನೇರವಾಗಿ ಹೇಳಿ. ನಾನು ಕಾಯಿ ಬಿಚ್ಚಿದ್ದಕ್ಕೂ ಹೆಲಿಕಾಪ್ಟರ್ ಬಿದ್ದದ್ದಕ್ಕೂ ಸಂಬಂಧ ಇದೆಯೇ, ಇಲ್ಲವೇ? ಇಲ್ಲ ಎಂದಾದರೆ ಹಾಗೆಂದು ಬರೆಯಿರಿ, ಸಭೆಯಲ್ಲಿ ತೋರಿಸುತ್ತೇನೆ.

ಗಂಗಾ

———

ಬೆಳಗಾವಿ
24 ನವೆಂಬರ್ 2024

ಗಂಗಾ ಅವರಿಗೆ,

ಉತ್ತರ ಬರೆಯಲು ತಡವಾಯಿತು. ಬರೆಯುವುದು ಕಷ್ಟವಾಗಿತ್ತು.

ಸಂಬಂಧ ಇದೆ.

ನಿಮ್ಮ ಪತ್ರದಲ್ಲಿ ಕಾಯಿ ಎಂಬ ಮಾತು ಓದಿ, ಯಾವ ಕಾಯಿ ಎಂದುಕೊಂಡೆ. ಹಳೆಯ ಪತ್ರಗಳನ್ನು ತೆಗೆದು ನೋಡಿದರೆ ನೀವು ಅಕ್ಟೋಬರಿನಲ್ಲೇ ಬರೆದಿದ್ದೀರಿ. ಎಲ್ಲಿ ಕಟ್ಟಿದ್ದು, ಹೇಗೆ ಕಟ್ಟಿದ್ದು, ಇರಲಿ ಅಲ್ಲವೇ ಎಂದು ಕೇಳಿಯೂ ಇದ್ದೀರಿ. ಮತ್ತೆ ಎರಡು ಸಲ ಬರೆದಿದ್ದೀರಿ. ನಾನು ಹಬ್ಬದ ಸುದ್ದಿ ಎಂದು ಕಣ್ಣಾಡಿಸಿ ಕೆಳಗಿನ ಕೆಲಸದ ಮಾತಿಗೆ ಹೋಗಿದ್ದೆ. ನಮ್ಮ ಮನೆಯ ಬಾಗಿಲಿಗೂ ಕಾಯಿ ಕಟ್ಟಿದೆ, ಹುಟ್ಟಿದಾಗಿನಿಂದ ನೋಡಿದ್ದೇನೆ. ಅದಕ್ಕೆ ತೂಕ ಇರುತ್ತದೆ ಎಂದು ನನಗೆ ಒಮ್ಮೆಯೂ ಹೊಳೆದಿಲ್ಲ.

ಲಾಗಿನಲ್ಲಿ ಬಾಲ ಜಗ್ಗುತ್ತಿದ್ದದ್ದು ಆ ಕಾಯಿ. ಹೆಲಿಕಾಪ್ಟರ್ ಅದನ್ನು ಕಲಿತು, ಮೂತಿಯನ್ನು ಅಷ್ಟೇ ಕೆಳಗೆ ಒತ್ತಿ ಸಮ ಮಾಡಿಕೊಂಡಿತು. ಅಲ್ಲಿಯವರೆಗೆ ಏನೂ ತೊಂದರೆಯಿಲ್ಲ, ಕಾಯಿ ಇರಲಿ ಬಿಡಲಿ ಪ್ರತಿ ಸಲ ಹೊಸದಾಗಿ ಕಲಿಯುತ್ತಿತ್ತು. ತಪ್ಪು ನಾನು ಮಾಡಿದ ತಿದ್ದುಪಡಿಯಲ್ಲಿದೆ. ಓಲಾಟ ತಪ್ಪಿಸಲು, ಆ ಜಗ್ಗುವಿಕೆ ಯಂತ್ರದ ಹುಟ್ಟುಗುಣ ಎಂದು ತಿಳಿದು ಅದರ ಲೆಕ್ಕವನ್ನು ಶಾಶ್ವತವಾಗಿ ಒಳಗೆ ಬರೆದುಬಿಟ್ಟೆ. ಎದ್ದ ಕ್ಷಣದಿಂದಲೇ ಮೂತಿ ಒತ್ತು ಎಂದು ಹೇಳಿಕೊಟ್ಟೆ. ಸಣ್ಣ ತಿದ್ದುಪಡಿ ಎಂದು ಮಾತ್ರ ನಿಮಗೆ ಬರೆದೆ, ಏನು ಮಾಡಿದ್ದೇನೆಂದು ಹೇಳಲಿಲ್ಲ. ಕಾಯಿ ಇರುವವರೆಗೆ ಅದು ಚೆನ್ನಾಗಿ ಹಾರಿತು. ಆಮೇಲೆ ಏನೂ ಜೋತಾಡಬಾರದು ಎಂದು ಬಿಚ್ಚಿಸಿದವನೂ ನಾನೇ. ಹಾಲಿನ ಕ್ಯಾನ್ ಇಳಿಸಿದ ಮೇಲೂ ಅದೇ ವಾಲು ವಾಲಿಕೊಂಡು ಸೈಕಲ್ ಹತ್ತಿಸಿದ ಹಾಗಾಯಿತು.

ಕಾಯಿ ಬಿಚ್ಚಿದ್ದಕ್ಕೇ ಬಿತ್ತು ಎಂದು ಅಜ್ಜಿ ಹೇಳಿದ್ದು ನಿಜ. ಅದು ಬೀಳುವಂತೆ ಮಾಡಿದ್ದು ನಾನು.

ಹಿರಿಯರಿಗೆ ಹೇಳಿದೆ. ‘ಕಾರಣ ತಿಳಿಯದ ಅಡಚಣೆ’ ಎಂಬುದೇ ಇರಲಿ, ಇದನ್ನು ಹೊರಗೆ ಆಡಬೇಡ ಎಂದರು. ನಿಮ್ಮದು ತಪ್ಪಿಲ್ಲ ಎಂದು ಸಹಿ ಮಾಡಿ ಒಂದು ಕಾಗದ ಕಳಿಸುತ್ತೇನೆ, ಸಭೆಯಲ್ಲಿ ಓದಿ. ನನ್ನಿಂದ ಆಗುವುದು ಅಷ್ಟು.

ಸಿದ್ದಲಿಂಗೇಶ

———

ಮರಳಿ
26 ನವೆಂಬರ್ 2024

ಸಿದ್ದಲಿಂಗೇಶ ಅವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಮೈಯೆಲ್ಲ ಉರಿಯಿತು. ಎರಡನೇ ಸಲವೂ ಸಿಟ್ಟೇ. ಮೂರನೇ ಸಲ ಓದುವಾಗ ನಿಮಗೆ ಹೆದರಿಕೆಯಾಗಿದೆ ಎಂದು ಗೊತ್ತಾಯಿತು.

ಕಾಗದ ಕಳಿಸಬೇಡಿ. ನಾನು ಓದುವುದಿಲ್ಲ. ನನ್ನ ತಪ್ಪಿಲ್ಲ ಎಂಬ ಕಾಗದವನ್ನು ನಾನೇ ಎದ್ದು ನಿಂತು ಓದಿದರೆ ಯಾರು ನಂಬುತ್ತಾರೆ? ಬರೆಸಿಕೊಂಡು ಬಂದಿದ್ದಾಳೆ ಎನ್ನುತ್ತಾರೆ. ನೀವು ಬರಬೇಕು. ನನಗೆ ಬರೆದದ್ದನ್ನು ಹೈದರಸಾಬ ಕಾಕಾನ ಮುಂದೆ, ಅಜ್ಜಿಯ ಮುಂದೆ ಹಾಲಿನ ಕ್ಯಾನಿನ ಹಾಗೆ ಬಿಡಿಸಿ ಹೇಳಬೇಕು. ಕಾಕಾ ಈಗ ಬಲಗೈಯಲ್ಲಿ ಅನ್ನ ಕಲೆಸಲಾರರು. ಕಾರಣ ತಿಳಿಯದು ಎಂಬುದನ್ನು ಅವರ ಮುಖ ನೋಡಿ ಹೇಳಲು ನನಗಂತೂ ಆಗುವುದಿಲ್ಲ.

ನನ್ನದು ತಪ್ಪಿಲ್ಲ ಎಂದು ನೀವು ಬರೆದದ್ದೂ ಪೂರ್ತಿ ಸರಿಯಲ್ಲ. ಎತ್ತುವ ಮುಂಚೆ ಮುಂದೆ ಯಾರೂ ಇರಬಾರದು ಎಂದು ತರಬೇತಿಯಲ್ಲಿ ಕಲಿಸಿದ್ದಿರಿ. ಫೋಟೊದವರ ಮುಂದೆ, ವಯಸ್ಸಿನಲ್ಲಿ ದೊಡ್ಡವರಾದ ಕಾಕಾನಿಗೆ ಹಿಂದೆ ಸರಿಯಿರಿ ಎನ್ನಲು ನನಗೆ ಮುಜುಗರವಾಯಿತು. ಅದನ್ನು ಸಭೆಯಲ್ಲಿ ನಾನು ಹೇಳುತ್ತೇನೆ. ನಿಮ್ಮದನ್ನು ನೀವು ಹೇಳಿ.

ನಿಮ್ಮನ್ನು ಬೇಡಿಕೊಳ್ಳುತ್ತಿಲ್ಲ. ಬರದಿದ್ದರೆ ನಾನು ಈ ಕೆಲಸ ಬಿಡುತ್ತೇನೆ, ಅಷ್ಟೇ. ಬೇರೆ ಯಾರೋ ಬಂದು ಹಾರಿಸುತ್ತಾರೆ, ಮಾಂತೇಶಣ್ಣ ಪಂಪು ಹೊರುತ್ತಾನೆ.

ಗಂಗಾ

———

ಬೆಳಗಾವಿ
29 ನವೆಂಬರ್ 2024

ಗಂಗಾ ಅವರಿಗೆ,

ಬರುತ್ತೇನೆ. ರಜೆ ಕೊಟ್ಟಿಲ್ಲ, ಹೋಗಬೇಡ ಎಂದೂ ಹೇಳಿದ್ದಾರೆ. ಭಾನುವಾರ ಬೆಳಿಗ್ಗೆ ಗಂಗಾವತಿಯಲ್ಲಿ ಇಳಿಯುತ್ತೇನೆ. ಸೋಮವಾರ ಇಲ್ಲಿ ಹಾಜರಿರಬೇಕಾದ್ದರಿಂದ ಮಧ್ಯಾಹ್ನದ ಬಸ್ಸಿಗೇ ಹೊರಡುತ್ತೇನೆ.

ಜನರ ಮುಂದೆ ನಿಂತು ಮಾತಾಡಿ ನನಗೆ ರೂಢಿಯಿಲ್ಲ. ಹೆದರಿಕೆಯಾಗಿದೆ, ನೀವು ಸರಿಯಾಗಿಯೇ ಓದಿದ್ದೀರಿ.

ಸಿದ್ದಲಿಂಗೇಶ

———

ಬೆಳಗಾವಿ
12 ಡಿಸೆಂಬರ್ 2024

ಗಂಗಾ ಅವರಿಗೆ,

ನನ್ನನ್ನು ಹೆಲಿಕಾಪ್ಟರಿನ ಕೆಲಸದಿಂದ ತೆಗೆದು ಬಿಡಿಭಾಗಗಳ ವಿಭಾಗಕ್ಕೆ ಹಾಕಿದ್ದಾರೆ. ಹೊಸ ಸಾಫ್ಟ್‌ವೇರನ್ನು ಮಾತ್ರ ಮುಗಿಸಿಕೊಡಲು ಬಿಟ್ಟರು. ಅದರಲ್ಲಿ ಮೊದಲೇ ಬರೆದಿಟ್ಟ ಲೆಕ್ಕ ಇಲ್ಲ. ಪ್ರತಿ ಸಲ ಓಲಾಡಿ ಕಲಿಯುತ್ತದೆ. ಎಳೆತ ನಿನ್ನೆಗಿಂತ ಬೇರೆಯಾಗಿದ್ದರೆ ನಿಮ್ಮ ಪರದೆಯ ಮೇಲೆ ತೋರಿಸಿ ಕೆಳಗಿಳಿಯುತ್ತದೆ. ಯಾಕೆಂದು ನೋಡಿ ನೀವು ಒಪ್ಪಿಗೆ ಕೊಟ್ಟ ಮೇಲೆಯೇ ಮತ್ತೆ ಏಳುತ್ತದೆ. ಕಂಪನಿಯವರು ಇದನ್ನು ತಡೆಯಲಿಲ್ಲ.

ಸಭೆಯಲ್ಲಿ ಏನು ತೀರ್ಮಾನವಾಯಿತು ಎಂದು ನೀವು ಬರೆಯಲಿಲ್ಲ. ನಾನು ಎದ್ದು ಬರುವಾಗ ಹೈದರಸಾಬರು ಇನ್ನೂ ಒಂದು ಮಾತೂ ಆಡಿರಲಿಲ್ಲ. ಬಸ್ಸಿನುದ್ದಕ್ಕೂ ಅದೇ ಯೋಚನೆ. ಬರೆಯಲೇಬೇಕು ಎಂದೇನಿಲ್ಲ, ಬರೆದರೆ ಓದುತ್ತೇನೆ.

ಸಿದ್ದಲಿಂಗೇಶ

———

ಮರಳಿ
9 ಫೆಬ್ರವರಿ 2025

ಸಿದ್ದಲಿಂಗೇಶಣ್ಣನಿಗೆ ಗಂಗಾಳ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಬರೆಯಲು ತೀರ್ಮಾನವೇ ಆಗಿರಲಿಲ್ಲ.

ನೀವು ಹೋದ ಮೇಲೆ ಸಭೆಯಲ್ಲಿ ಬಹಳ ಹೊತ್ತು ಗದ್ದಲವಾಯಿತು. ಇಷ್ಟು ದೂರದಿಂದ ಬಂದು ತನ್ನ ತಪ್ಪು ಎಂದವನ ಮಾತು ನಂಬಬೇಕು ಎಂದು ಕೆಲವರು, ಅದೇನೇ ಇರಲಿ ಹಾರಿಸುವವಳನ್ನು ಬದಲಿಸಿ ಎಂದು ಕೆಲವರು. ಅಜ್ಜಿ ಮಾತ್ರ ಖುಷಿಯಾಗಿದ್ದರು. ಬೆಳಗಾವಿಯ ಇಂಜಿನಿಯರು ಬಂದು ತಾವು ಹೇಳಿದ್ದೇ ನಿಜ ಎಂದು ಒಪ್ಪಿ ಹೋದ ಎಂದು ಈಗಲೂ ಹೇಳುತ್ತಾರೆ, ನಾನು ತಿದ್ದಲು ಹೋಗಿಲ್ಲ. ಕೊನೆಗೆ ಕೊಟ್ರಬಸಪ್ಪನವರು, ಪೆಟ್ಟು ತಿಂದವರು ಹೈದರಸಾಬರು, ಅವರು ಹೇಳಿದ ಹಾಗೆ ಆಗಲಿ ಎಂದರು. ಕಾಕಾ, “ಮೊದಲ ನನ್ನ ಕೈ ಕೂಡ್ಲಿ, ಆಮ್ಯಾಲ ಹೇಳ್ತೀನಿ” ಎಂದು ಎದ್ದು ಹೋದರು. ಅಲ್ಲಿಂದ ಎರಡು ತಿಂಗಳು ಅವರ ಮನೆ ಮುಂದೆ ಹಾದು ಹೋಗುವಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವರು ಚಹಾ ಕುಡಿಯುತ್ತೀ ಏನು ಎನ್ನುತ್ತಿದ್ದರು, ಅದರ ಮಾತು ಎತ್ತುತ್ತಿರಲಿಲ್ಲ.

ಹೆಲಿಕಾಪ್ಟರ್ ಹೋದ ವಾರ ಬಂತು. ಬೇಸಿಗೆ ಬೆಳೆಗೆ ಎಣ್ಣೆ ಹೊಡೆಯುವ ಹೊತ್ತು. ಇವತ್ತು ಬೆಳಿಗ್ಗೆ ಎಲ್ಲರನ್ನೂ ಕಾಲುವೆ ಪಕ್ಕದ ಗದ್ದೆಗೆ ಕರೆಸಿದ್ದರು. ನಾನು ಬೇಡವಾದರೆ ಹಾರಿಸಲಿ ಎಂದು ಸಿದ್ದಾಪುರದಿಂದ ಲೈಸೆನ್ಸ್ ಇರುವ ಶಾನವಾಜನನ್ನೂ ಕರೆಸಿ ನಿಲ್ಲಿಸಿದ್ದರು. ರಿಮೋಟು ನನ್ನ ಕೈಗೆ ಕೊಟ್ಟು, ಈಗ ಹೇಳಿ ಎಂದು ಅಧ್ಯಕ್ಷರು ಕಾಕಾನನ್ನು ಕೇಳಿದರು. ಕಾಕಾ ಎಡಗೈಯಲ್ಲಿ ಕ್ಯಾನ್ ಹಿಡಿದು ಹೋಗಿ ಟ್ಯಾಂಕ್ ತುಂಬಿಸಿದರು. ಆಮೇಲೆ ಹೋಗಿ ಹೆಲಿಕಾಪ್ಟರಿನ ಮುಂದೆ, ಅವತ್ತು ನಿಂತಿದ್ದ ಹಾಗೆಯೇ ನಿಂತರು.

“ಎಬ್ಬಸು ಗಂಗವ್ವಾ. ನಾ ಇಲ್ಲೇ ನಿಂದರ್ತೀನಿ” ಎಂದರು.

ಅವರು ನನ್ನ ಮೇಲೆ ಭರವಸೆ ಇಟ್ಟು ಹಾಗೆ ನಿಂತದ್ದು, ಅದು ನನಗೂ ಗೊತ್ತಿತ್ತು, ಊರಿಗೂ ಗೊತ್ತಾಗಲಿ ಎಂದೇ ನಿಂತದ್ದು. ಎಬ್ಬಿಸಿದ್ದರೆ ಅಲ್ಲಿಗೇ ಕೆಲಸ ನನ್ನದಾಗುತ್ತಿತ್ತು. ಕಣ್ಣು ತುಂಬಿ ಬಂತು. ಆದರೂ ಆಗಲಿಲ್ಲ. ರಿಮೋಟನ್ನು ನೆಲದ ಮೇಲಿಟ್ಟೆ.

“ಹಿಂದ ಸರೀರಿ ಕಾಕಾ. ನೀವು ಸರಿಯೂತನಕ ನಾ ಎಬ್ಬಸೂದಿಲ್ಲ.”

ನಾನೇನು ಹೆದರುವವನಲ್ಲ ಎಂದರು. ನಾನು ಹೆದರುತ್ತೇನೆ ಎಂದೆ. ಅಧ್ಯಕ್ಷರು, ಹೋಗಲಿ ಬಿಡವ್ವ, ಅವರೇ ನಿಲ್ಲುತ್ತೇನೆ ಅಂದ ಮೇಲೆ ಏನು ಎಂದರು. ನಾನು ರಿಮೋಟು ಮುಟ್ಟಲಿಲ್ಲ. ಕೆಲಸ ಹೋಯಿತು ಎಂದೇ ತಿಳಿದುಕೊಂಡೆ. ಕಾಕಾ ಸಾವಕಾಶವಾಗಿ ನಡೆದು ಬಂದು ನನ್ನ ಹಿಂದೆ ನಿಂತು, ಅಧ್ಯಕ್ಷರ ಕಡೆ ತಿರುಗಿ ಹೇಳಿದರು: “ಈಕಿನ ಇರ್ಲಿ ಬಿಡ್ರಿ. ಹಿಂದ ಸರಿ ಅಂತ ನನಗ ಹೇಳಾಕಿ ಈಕಿನ ಇರ್ಲಿ.”

ರಿಮೋಟು ಎತ್ತಿಕೊಂಡೆ. ಎಬ್ಬಿಸಿದೆ. ಅದು ಎದೆ ಮಟ್ಟಕ್ಕೆ ಬಂದು ನಿಂತು ಓಲಾಡಿತು. ಯಾರೂ ನಗಲಿಲ್ಲ, ಎಲ್ಲರೂ ಕಾದರು. ಆಮೇಲೆ ಹೊರಟಿತು. ಮಧ್ಯಾಹ್ನದವರೆಗೆ ಕಾಲುವೆ ಪಕ್ಕದ ಗದ್ದೆಗಳಿಗೆ ಹೊಡೆದೆವು. ಎರಡನೇ ಸಲದಿಂದ ಟ್ಯಾಂಕ್ ತುಂಬಿಸಿದ್ದು ಮಾಂತೇಶಣ್ಣ. ಈಗ ಒಳಗೆ ಕೂತು ಉಣ್ಣುತ್ತಿದ್ದಾನೆ, ಎರಡನೇ ಸಲ ಅನ್ನ ಹಾಕಿಸಿಕೊಂಡ.

ಗಂಗಾ